ನಿಧಾನ ಚಾರ್ಜಿನ ನಿತ್ಯಾನಂದ ಶೆಟ್ಟರು

ರುಕ್ಮಯ್ಯ ಕಾರನ್ನು ಹೊಗಳದೆ ತನ್ನ ಪಾಡಿಗೆ ಬಸ್ಸಿಗೆ ಕಾದು ನಿಂತಿದ್ದರೆ ನಿತ್ಯಾನಂದ ಶೆಟ್ಟರ ಆ ದಿನ ಬೇರೆಯೇ ರೀತಿಯಲ್ಲಿ ಮುಗಿಯುತ್ತಿತ್ತು. ಆದರೆ ರುಕ್ಮಯ್ಯ ಹೊಗಳಿದ. ಅದೂ ಬೆಳ್ಳಂಬೆಳಿಗ್ಗೆ, ಶೆಟ್ಟರು ಜರಿ ಅಂಚಿನ ಪಂಚೆ ಉಟ್ಟು, ಅಂಗಿಗೆ ಸೆಂಟು ಹೊಡೆದುಕೊಂಡು, ಕಾರಿನ ಬಾನೆಟ್ಟನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದ ಹೊತ್ತಿನಲ್ಲಿ.

ಶಿರ್ತಾಡಿಯಲ್ಲಿ ಶೆಟ್ಟರದು ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಸುತ್ತಲಿನ ಊರುಗಳಲ್ಲಿ ಯಾರಿಗೆ ಸನ್ಮಾನವಾದರೂ ಅವರು ಕೂರುವ ಕೆಂಪು ಮಖಮಲ್ಲಿನ ದೊಡ್ಡ ಕುರ್ಚಿ ಇವರದೇ. ಹಾಲಿನ ಸೊಸೈಟಿಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರರು, ದುಬೈಯಿಂದ ಬಂದ ದಾನಿಗಳು, ಎಲ್ಲರೂ ಅದರಲ್ಲಿ ಕೂತು ಶಾಲು ಹೊದೆಸಿಕೊಂಡು ಎದ್ದು ಹೋಗಿದ್ದರು. ಶೆಟ್ಟರ ಪಾಲಿಗೆ ಬಂದದ್ದು ಅದರ ಧೂಳು ಕೊಡವಿ ಮತ್ತೆ ಗೋದಾಮಿಗೆ ಸಾಗಿಸುವ ಕೆಲಸ. ಐವತ್ತೆಂಟು ತುಂಬಿದರೂ ಅವರ ಹೆಗಲಿಗೆ ಒಂದು ಶಾಲು ಬಿದ್ದಿರಲಿಲ್ಲ. ಇವತ್ತು ಸಂಜೆ ಬೀಳುವುದಿತ್ತು; ತಡೆಯಲಾರದೆ ಬೆಳಿಗ್ಗೆಯೇ ಹೊರಟು ನಿಂತಿದ್ದರು.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರೂ ತಾಲೂಕುಗಳ ಕರೆಂಟು ಕಾರಿನವರು ಸೇರಿ ಕಟ್ಟಿಕೊಂಡ ಬಳಗವೊಂದು ಸಂಜೆ ಬೆಳ್ತಂಗಡಿಯ ಸಭಾಭವನದಲ್ಲಿ ಶೆಟ್ಟರಿಗೆ ‘ಬ್ಯಾಟರಿ ಬಂಧು’ ಎಂಬ ಬಿರುದು ಕೊಡಲಿತ್ತು. ಕಾರು ಕೊಂಡು ಮೂರು ವರ್ಷವಾದರೂ ಅದನ್ನು ಒಂದೇ ಒಂದು ಸಲವೂ ಫಾಸ್ಟ್ ಚಾರ್ಜರಿಗೆ ಹಾಕದ ಏಕೈಕ ಸದಸ್ಯ ಎಂಬ ಕಾರಣಕ್ಕೆ. ರಾತ್ರಿ ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಬೆಳಗಿನವರೆಗೆ ನಿಧಾನವಾಗಿ ಚಾರ್ಜು ಮಾಡುವುದು, ಅದನ್ನೂ ಎಂಬತ್ತು ಪರ್ಸೆಂಟಿಗೆ ನಿಲ್ಲಿಸುವುದು ಶೆಟ್ಟರ ವ್ರತ. ಫಾಸ್ಟ್ ಚಾರ್ಜರಿನ ಬಿಸಿಗೆ ಬ್ಯಾಟರಿಯ ಆಯುಸ್ಸು ಕರಗುತ್ತದೆಂದು ಅವರು ಎಲ್ಲೋ ಓದಿದ್ದರು. ಓದಿದ್ದನ್ನು ಊರಿಗೆಲ್ಲ ಹಂಚಿದ್ದರು. ಪರಿಚಯದವರು ಯಾರಾದರೂ ಫಾಸ್ಟ್ ಚಾರ್ಜರಿನ ಎದುರು ಕಣ್ಣಿಗೆ ಬಿದ್ದರೆ ಕಾರು ನಿಲ್ಲಿಸಿ, "ಊಟಕ್ಕೆ ಕೂತವನ ಬಾಯಿಗೆ ಪಾಯಸದ ಕೊಪ್ಪರಿಗೆಯನ್ನೇ ಬಗ್ಗಿಸಿದ ಹಾಗೆ ಆಗ್ತದೆ ಮಾರಾಯ್ರೆ" ಎಂದು ಬುದ್ಧಿ ಹೇಳಿಯೇ ಮುಂದೆ ಹೋಗುತ್ತಿದ್ದರು.

"ನಿತ್ಯಾನಂದಣ್ಣ, ಕಾರು ಮೊನ್ನೆ ಶೋರೂಮಿನಿಂದ ತಂದ ಹಾಗೆ ಉಂಟಲ್ಲ!" ಎಂದ ಪಕ್ಕದ ಮನೆಯ ರುಕ್ಮಯ್ಯ. ಶೆಟ್ಟರ ಎದೆ ಒಂದು ಸುತ್ತು ದೊಡ್ಡದಾಯಿತು. ರುಕ್ಮಯ್ಯ ಅಷ್ಟರಲ್ಲಿ ಹಿಂದಿನ ಬಾಗಿಲು ತೆಗೆದಿದ್ದ. "ಹೇಗೂ ಹೊರಟಿದ್ದೀರಿ. ಮೂಡಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸಿ. ಪೆಟ್ರೋಲಿನ ಕಾರಾದ್ರೆ ಕೇಳ್ತಿರಲಿಲ್ಲ ಆಯ್ತಾ, ನಿಮಗೆ ಖರ್ಚು ಪಾಪ. ಇದು ಕರೆಂಟಿನದ್ದಲ್ವಾ."

ಕರೆಂಟು ಕಾರು ಬಂದಂದಿನಿಂದ ಊರವರ ಸಂಕೋಚ ಪೂರ್ತಿ ಹೊರಟುಹೋಗಿತ್ತು. ಕಾರು ಗಾಳಿಯಲ್ಲಿ ಓಡುತ್ತದೆಂದೇ ಎಲ್ಲರ ಲೆಕ್ಕ. ಶೆಟ್ಟರ ಹೆಂಡತಿ ರಾಜೀವಿ ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಂಡು ಮುಂದೆ ಕೂತಳು. ಅವಳಿಗೆ ರುಕ್ಮಯ್ಯನ ಗುಣ ಗೊತ್ತಿತ್ತು, ಗಂಡನ ಗುಣ ಇನ್ನೂ ಚೆನ್ನಾಗಿ ಗೊತ್ತಿತ್ತು.

ಮೂಡಬಿದಿರೆ ಬಂತು. ರುಕ್ಮಯ್ಯ ಇಳಿಯಲಿಲ್ಲ.

"ಒಂದು ವಿಷಯ ಉಂಟು ನಿತ್ಯಾನಂದಣ್ಣ. ನನ್ನ ಗ್ರೈಂಡರ್ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ರಿಪೇರಿಗೆ ಕೊಟ್ಟದ್ದು. ಬೆಳ್ತಂಗಡಿಯಿಂದ ಆಚೆ ನೆರಿಯದಲ್ಲಿ ಮಗಳ ಮನೆಗೆ ಮುಟ್ಟಿಸ್ಬೇಕು. ಬಸ್ಸಿಗೆ ಹತ್ತಿಸಿದ್ರೆ ಕಂಡಕ್ಟರ್ ಬೈತಾನೆ. ನಮ್ಮ ರಿಕ್ಷಾದ ಶೇಖರ ಹೇಳಿದ, ಕರೆಂಟು ಕಾರು ಮೂಡಬಿದಿರೆ ದಾಟಿದ್ರೆ ಮತ್ತೆ ದೂಡಿಕೊಂಡೇ ಬರುದು ಅಂತ. ನಾನು ಬಿಡ್ಲಿಲ್ಲ. ಬೇರೆಯವರದ್ದು ಹಾಗಿರಬಹುದು, ನಿತ್ಯಾನಂದಣ್ಣನ ಬ್ಯಾಟರಿ ಬೇರೆಯೇ ಅಂತ ಹೇಳಿದೆ."

"ಶೇಖರ ಹಾಗೆ ಹೇಳಿದ್ನಾ?"

"ದೇವರಾಣೆ."

ಶೆಟ್ಟರು ಕಾರನ್ನು ಬಂಟ್ವಾಳದ ರಸ್ತೆಗೆ ತಿರುಗಿಸಿದರು. ಸಂಜೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಕಾರಿನ ಪಿಕಪ್ ಹೇಗಿದೆಯೆಂದು ರುಕ್ಮಯ್ಯನಿಗೆ ತೋರಿಸಲು ಎರಡು ಬಸ್ಸುಗಳನ್ನೂ ಒಂದು ಟಿಪ್ಪರನ್ನೂ ಹಿಂದೆ ಹಾಕಿದರು. ಎ.ಸಿ. ಎಷ್ಟು ತಂಪೆಂದು ತೋರಿಸಲು ರುಕ್ಮಯ್ಯ ಟವೆಲು ಹೊದ್ದುಕೊಳ್ಳುವವರೆಗೆ ತಿರುಗಿಸಿದರು. ಬಿ.ಸಿ. ರೋಡು ತಲಪುವಾಗ ಪರದೆಯ ಮೇಲಿನ ಎಂಬತ್ತು ಐವತ್ತಕ್ಕೆ ಇಳಿದಿತ್ತು. ಕಲ್ಲಿನ ಗ್ರೈಂಡರನ್ನು ಡಿಕ್ಕಿಗೆ ಹಾಕಿದಾಗ ಕಾರಿನ ಹಿಂಭಾಗ ಒಮ್ಮೆ ಕುಳಿತು ಎದ್ದಿತು.

ಚಾ ಕುಡಿಯಲು ನಿಂತ ಹೋಟೆಲ್ಲಿನ ಅಂಗಳದಲ್ಲೇ ಒಂದು ಫಾಸ್ಟ್ ಚಾರ್ಜರ್ ಇತ್ತು. "ಚಾ ಮುಗಿಯುವಷ್ಟರಲ್ಲಿ ತುಂಬ್ತದೆ. ಹಾಕುವನಾ?" ಎಂದು ರಾಜೀವಿ ಮೆಲ್ಲಗೆ ಕೇಳಿದಳು.

ಶೆಟ್ಟರು ಚಾದ ಲೋಟವನ್ನು ಮೇಜಿನ ಮೇಲಿಟ್ಟರು. ಪಕ್ಕದ ಮೇಜಿನವರಿಗೂ ಕೇಳಿಸಬೇಕೆಂದು ಸ್ವರ ಸ್ವಲ್ಪ ಎತ್ತರಿಸಿದರು. "ನೋಡು ರಾಜೀವಿ, ಇವತ್ತು ಯಾಕೆ ಸನ್ಮಾನ ಅಂತ ಮರೆತೆಯಾ? ರುಕ್ಮಯ್ಯ, ಕೇಳು. ಇವಳು ಪ್ರತಿ ಗುರುವಾರ ಸಂಘದ ಮೀಟಿಂಗಿಗೆ ಅಂತ ಇದೇ ಕಾರನ್ನು ಮೂಡಬಿದಿರೆಗೆ ಕೊಂಡುಹೋಗ್ತಾಳೆ. ಹೋಗುವಾಗ ಎಷ್ಟು ಚಾರ್ಜು ಉಂಟೋ ಬರುವಾಗಲೂ ಹೆಚ್ಚುಕಮ್ಮಿ ಅಷ್ಟೇ! ಬ್ಯಾಟರಿಯನ್ನು ಮಗುವಿನ ಹಾಗೆ ಸಾಕಿದ್ರೆ ಅದೂ ನಮ್ಮನ್ನು ಕೈಬಿಡುದಿಲ್ಲ."

ರುಕ್ಮಯ್ಯ ಬಾಯಿ ತೆರೆದು ಕೇಳಿದ. ರಾಜೀವಿ ಉಳಿದ ಚಾವನ್ನು ಒಂದೇ ಗುಟುಕಿಗೆ ಮುಗಿಸಿ ಕೈ ತೊಳೆಯಲು ಎದ್ದುಹೋದಳು.

ಬೆಳ್ತಂಗಡಿಯಲ್ಲಿ ಗ್ರೈಂಡರನ್ನೂ ರುಕ್ಮಯ್ಯನನ್ನೂ ಇಳಿಸಿಬಿಡುವ ಯೋಚನೆ ಶೆಟ್ಟರಿಗೆ ನಿಜವಾಗಿಯೂ ಇತ್ತು. ಆದರೆ ರುಕ್ಮಯ್ಯ, "ನೆರಿಯದ ಏರು ಈ ಕಾರಿಗೆ ಆಗ್ಲಿಕ್ಕಿಲ್ಲ, ಪಾಪ, ನಾನು ಜೀಪು ಮಾಡ್ಕೊಂಡು ಹೋಗ್ತೇನೆ" ಎಂದುಬಿಟ್ಟ. ಆ ‘ಪಾಪ’ ಶೆಟ್ಟರಿಗೆ ಸಹಿಸಲಾಗಲಿಲ್ಲ. ಎ.ಸಿ. ಬಂದ್ ಮಾಡಿ, ಕಿಟಕಿ ತೆರೆದು, ಬೆವರು ಒರೆಸಿಕೊಳ್ಳುತ್ತ ಕಾಡಿನಂಚಿನ ಏರನ್ನು ಹತ್ತಿದರು. ಹತ್ತಿಯೂ ಹತ್ತಿದರು, ಅಂಗಳಕ್ಕೆ ಕಾರು ತಂದು ನಿಲ್ಲಿಸಿದಾಗ ಅವರಿಗಾದ ಹೆಮ್ಮೆ ಸಣ್ಣದಲ್ಲ. ಪರದೆಯ ಮೇಲೆ ಮಾತ್ರ ಹತ್ತು ಎಂಬ ಅಂಕಿ ಕೆಂಪಾಗಿ ಮಿನುಗುತ್ತಿತ್ತು.

ಪರವಾಗಿಲ್ಲ, ನಿಧಾನ ಚಾರ್ಜಿನ ಕೇಬಲ್ಲು ಜೊತೆಗಿತ್ತು. ಆ ಮನೆಯಲ್ಲಿ ದಪ್ಪ ಪಿನ್ನಿನ ಪ್ಲಗ್ಗು ಇದ್ದದ್ದು ಅಡುಗೆಮನೆಯಲ್ಲಿ ಒಂದೇ. ಶೆಟ್ಟರು ಕಿಟಕಿಯಿಂದ ಕೇಬಲ್ಲು ತೂರಿಸಿ ಅದಕ್ಕೆ ಸಿಕ್ಕಿಸಿದರು. ರುಕ್ಮಯ್ಯನ ಮಗಳಿಗೆ ಗ್ರೈಂಡರ್ ಸರಿಯಾಗಿದೆಯೋ ಎಂದು ಆಗಲೇ ನೋಡಬೇಕಿತ್ತು. "ಮಾವ, ನಿಮ್ಮದು ಒಂದು ಗಳಿಗೆ ತೆಗೀತೇನೆ, ಉದ್ದಿನಬೇಳೆ ನೆನೆದು ಕೂತಿದೆ" ಎಂದು ಕೇಬಲ್ಲು ಕಿತ್ತಳು. ಶೆಟ್ಟರು ಮತ್ತೆ ಸಿಕ್ಕಿಸಿದರು. ಉದ್ದು ಆದ ಮೇಲೆ ಅಕ್ಕಿ ಬಂತು, ಅಕ್ಕಿಯಾದ ಮೇಲೆ ತೆಂಗಿನಕಾಯಿ. ಕೊನೆಗೆ ರುಕ್ಮಯ್ಯ ಎಲ್ಲಿಂದಲೋ ಒಂದು ಎಕ್ಸ್‌ಟೆನ್ಶನ್ ತಂದು ಎರಡನ್ನೂ ಒಟ್ಟಿಗೆ ಹಾಕಿದ. ಫ್ಯೂಸ್ ‘ಟಪ್’ ಎಂದಿತು, ಇಡೀ ಮನೆಯ ಕರೆಂಟು ಹೋಯಿತು. ಅರ್ಧ ರುಬ್ಬಿದ ಚಟ್ನಿಯ ಎದುರು ಮಗಳು ಮುಖ ಊದಿಸಿ ನಿಂತಳು.

ಮರಳಿ ಬೆಳ್ತಂಗಡಿಗೆ ಹೊರಟಾಗ ಕಾರಿನಲ್ಲಿ ಗಂಡಹೆಂಡತಿ ಇಬ್ಬರೇ. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗಲೆಲ್ಲ ಚಾರ್ಜು ಕೂದಲೆಳೆಯಷ್ಟು ಏರುತ್ತಿತ್ತು. "ನೋಡಿದೆಯಾ?" ಎಂದು ಶೆಟ್ಟರು ಹಿಗ್ಗಿದರು. ಇಳಿಜಾರು ಮುಗಿಯಿತು, ಹಿಗ್ಗೂ ಮುಗಿಯಿತು. ಉಜಿರೆ ದಾಟುವಾಗ ಪರದೆಯ ಮೇಲೆ ಆಮೆಯ ಚಿತ್ರ ಬಂತು. ಕಾರು ಎತ್ತಿನಗಾಡಿಯ ವೇಗಕ್ಕೆ ಇಳಿಯಿತು.

ಮುಂದೆ ರಸ್ತೆ ಬದಿಯ ಹೋಟೆಲ್ಲೊಂದರ ಅಂಗಳದಲ್ಲಿ ಫಾಸ್ಟ್ ಚಾರ್ಜರ್. ಎದುರು ಒಂದು ಕಾರೂ ಇಲ್ಲ, ಒಂದು ನರಪಿಳ್ಳೆಯೂ ಇಲ್ಲ.

"ಹತ್ತೇ ನಿಮಿಷ," ಎಂದಳು ರಾಜೀವಿ. "ಅಪರೂಪಕ್ಕೊಮ್ಮೆ ಹಾಕಿದ್ರೆ ಏನೂ ಆಗುದಿಲ್ಲ. ನನ್ನ ಮಾತು ನಂಬಿ. ಇಲ್ಲಿ ನೋಡ್ಲಿಕ್ಕೆ ಯಾರೂ ಇಲ್ಲ."

ಶೆಟ್ಟರ ಕಾಲು ಒಂದು ಕ್ಷಣ ಬ್ರೇಕಿನ ಮೇಲೆ ಹೋಯಿತು. ಅವರೂ ಮನುಷ್ಯರೇ. ಹೊಟ್ಟೆ ಹಸಿದಿತ್ತು, ಅಂಗಿ ಬೆನ್ನಿಗೆ ಅಂಟಿತ್ತು, ಸಭೆಯ ಹೊತ್ತು ಆಗುತ್ತಾ ಬಂದಿತ್ತು. ಆದರೂ ಅವರು ನೇರ ರಸ್ತೆಯನ್ನೇ ನೋಡಿ ಹೇಳಿದರು: "ಯಾರೂ ನೋಡದಿರುವಾಗ ಮಾಡದೆ ಇರುದೇ ದೊಡ್ಡದು ರಾಜೀವಿ. ಸುಳ್ಳು ಶಾಲು ನನಗೆ ಬೇಡ."

"ಹಾಗಾದ್ರೆ ನಿಮ್ಮ ನಿಜದ ಶಾಲು ನೀವು ತೆಕ್ಕೊಂಡು ಬನ್ನಿ. ನಾನು ಬಸ್ಸಿನಲ್ಲಿ ಹೋಗಿ ಕೂರ್ತೇನೆ." ಕಾರು ಎಷ್ಟು ನಿಧಾನವಿತ್ತೆಂದರೆ ಅವಳು ಅದು ನಿಲ್ಲುವುದಕ್ಕೂ ಕಾಯಲಿಲ್ಲ.

ಇನ್ನೊಂದು ಫರ್ಲಾಂಗಿನಲ್ಲಿ ಕಾರು ತಾನಾಗಿ ನಿಂತಿತು. ಕೆಟ್ಟ ಗಾಡಿಗಳನ್ನು ಹೊತ್ತೊಯ್ಯುವ ಲಾರಿಯ ನವಾಝ್ ಫೋನಿಗೆ ಸಿಕ್ಕಿದ್ದು ಪುಣ್ಯ. ಬಂದವನು ಹಿಂದೆ ನೋಡಿದ, ಮುಂದೆ ನೋಡಿದ.

"ಶೆಟ್ರೇ, ಚಾರ್ಜರ್ ಅಲ್ಲೇ ಉಂಟಲ್ಲ? ಕಾಣ್ತದೆ. ದೂಡಿದ್ರೂ ಮುಟ್ತದೆ."

"ಗೊತ್ತುಂಟು."

"ಮತ್ತೆ?"

"ಲಾರಿಗೆ ಹತ್ತಿಸು ಮಾರಾಯ. ಚಕ್ರ ನೆಲಕ್ಕೆ ತಾಗ್ಬಾರ್ದು, ಮೋಟರಿಗೆ ಒಳ್ಳೆಯದಲ್ಲ."

ನವಾಝ್ ಕ್ಯಾಬಿನ್ನಿನಲ್ಲಿ ಸೀಟು ಒರೆಸಿಕೊಟ್ಟ. ಶೆಟ್ಟರು ಒಪ್ಪಲಿಲ್ಲ. ಲಾರಿಯ ಮೇಲಿದ್ದ ತಮ್ಮ ಕಾರಿನಲ್ಲೇ, ಸ್ಟೇರಿಂಗ್ ಹಿಡಿದುಕೊಂಡೇ, ಬೆಳ್ತಂಗಡಿ ಪೇಟೆಯನ್ನು ಪ್ರವೇಶಿಸಿದರು. ಅಷ್ಟು ಎತ್ತರದಿಂದ ಅವರು ಆ ಪೇಟೆಯನ್ನು ನೋಡಿರಲೇ ಇಲ್ಲ. ಅಂಗಡಿಯವರು ಹೊರಗೆ ಬಂದು ನೋಡಿದರು. ಯಾರೋ ಮೆರವಣಿಗೆಯೆಂದು ತಿಳಿದು ಕೈ ಬೀಸಿದರು, ಶೆಟ್ಟರೂ ಬೀಸಿದರು.

ಸಭಾಭವನದಲ್ಲಿ ರಾಜೀವಿ ಆಗಲೇ ಮುಂದಿನ ಸಾಲಿನಲ್ಲಿದ್ದಳು. ಬಳಗದ ಅಧ್ಯಕ್ಷ, ನಿವೃತ್ತ ಉಪನ್ಯಾಸಕ ವಿಜಯರಾಜರು ನವಾಝನ ಬಾಯಿಂದ ನಡೆದದ್ದೆಲ್ಲ ಕೇಳಿ ಮೈಕಿನ ಮುಂದೆ ಗದ್ಗದಿತರಾದರು. "ಬಂಧುಗಳೇ, ಕೂಗಳತೆಯ ದೂರದಲ್ಲಿ ಫಾಸ್ಟ್ ಚಾರ್ಜರ್ ಇದ್ದಾಗಲೂ ಅದರತ್ತ ಕಣ್ಣೆತ್ತಿ ನೋಡದೆ, ಲಾರಿಯ ಮೇಲೆ ಬಂದ ನಿಷ್ಠೆ ಇದು!" ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಬ್ಬರು ಶಾಲನ್ನು ಬಿಡಿಸಿ ಎರಡು ತುದಿ ಹಿಡಿದು ಸಿದ್ಧರಾದರು. ಶೆಟ್ಟರ ಕಣ್ಣು ತೇವವಾಯಿತು. ಬದುಕಿನಲ್ಲಿ ಒಮ್ಮೆಯಾದರೂ ಇಂಥದೊಂದು ಚಪ್ಪಾಳೆ ತಮ್ಮ ಹೆಸರಿಗೆ ಬೀಳಬೇಕೆಂದು ಅವರು ಎಷ್ಟು ಆಸೆಪಟ್ಟಿದ್ದರೆಂದು ಅವರಿಗೇ ಆಗ ಗೊತ್ತಾದದ್ದು.

ಅಲ್ಲಿಗೆ ತಲೆ ಬಗ್ಗಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಶೆಟ್ಟರು ಮೈಕನ್ನು ತಮ್ಮತ್ತ ಎಳೆದುಕೊಂಡರು.

"ಬರೀ ನನ್ನ ಬಾಯಿಮಾತು ನಂಬಬೇಡಿ. ಕಾರನ್ನೇ ಕೇಳಿ! ಹುಟ್ಟಿದಂದಿನಿಂದ ಅದಕ್ಕೆ ಯಾವ ಚಾರ್ಜು ಎಷ್ಟು ಸಲ ಹಾಕಿದ್ದೆಂದು ಅದರ ಹೊಟ್ಟೆಯಲ್ಲೇ ಲೆಕ್ಕ ಉಂಟು. ಸರ್ವಿಸ್ ಸೆಂಟರಿನ ಇಂಜಿನಿಯರ್ ಸಾಧನಾ ಇಲ್ಲೇ ಇದ್ದಾರೆ. ಈಗಲೇ ನೋಡಿ ಬಂದು ಹೇಳಲಿ. ಆಮೇಲೆ ಶಾಲು!"

ಮತ್ತೆ ಚಪ್ಪಾಳೆ. ಮುಂದಿನ ಸಾಲಿನಲ್ಲಿ ರಾಜೀವಿ ಎರಡೂ ಕೈ ಎತ್ತಿ ಬೇಡ ಬೇಡವೆಂದು ಸನ್ನೆ ಮಾಡಿದಳು. ಹೆಂಡತಿ ತನ್ನನ್ನು ಆಶೀರ್ವದಿಸುತ್ತಿದ್ದಾಳೆಂದು ಶೆಟ್ಟರು ತಿಳಿದರು.

ಸಾಧನಾ ಒಂದು ಸಣ್ಣ ಯಂತ್ರ ತೆಗೆದುಕೊಂಡು ಲಾರಿ ಹತ್ತಿದಳು, ಸ್ವಲ್ಪ ಹೊತ್ತಿನಲ್ಲಿ ವಾಪಸು ಬಂದಳು. "ಬ್ಯಾಟರಿಯ ಆರೋಗ್ಯ ತೊಂಬತ್ತಾರು ಪರ್ಸೆಂಟ್. ನಾನು ಈ ಮೂರು ತಾಲೂಕಿನಲ್ಲಿ ನೋಡಿದ್ದರಲ್ಲಿ ಇದಕ್ಕೇ ಮೊದಲ ಸ್ಥಾನ," ಎಂದಳು. ಶೆಟ್ಟರು ಸಭೆಯನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. "ಫಾಸ್ಟ್ ಚಾರ್ಜ್..." ಎಂದು ಸಾಧನಾ ಅರ್ಧಕ್ಕೆ ನಿಲ್ಲಿಸಿ ಯಂತ್ರವನ್ನು ಇನ್ನೊಮ್ಮೆ ನೋಡಿದಳು. "ಫಾಸ್ಟ್ ಚಾರ್ಜ್ ನೂರರ ಮೇಲೆ ಆಗಿದೆ ಸರ್."

ಶಾಲು ಹಿಡಿದಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಯಂತ್ರ ಹಾಳಾಗಿದೆ!" ಎಂದು ಶೆಟ್ಟರು ಕೂಗಿದರು.

"ಇಲ್ಲ ಸರ್. ತಾರೀಕೂ ಉಂಟು. ಎಲ್ಲ ಗುರುವಾರವೇ. ಎಲ್ಲ ಮೂಡಬಿದಿರೆಯಲ್ಲಿ."

ನೂರಾರು ಕಣ್ಣುಗಳು ಶೆಟ್ಟರ ಕಣ್ಣುಗಳ ಜಾಡು ಹಿಡಿದು ಮುಂದಿನ ಸಾಲಿಗೆ ಬಂದವು. ರಾಜೀವಿ ಎದ್ದು ನಿಂತಳು. "ಮೀಟಿಂಗ್ ಆದ ಮೇಲೆ ನಾವು ಹೆಂಗಸರು ಐಸ್‌ಕ್ರೀಮ್ ತಿನ್ತೇವೆ. ತಿನ್ನುವಷ್ಟರಲ್ಲಿ ತುಂಬ್ತದೆ. ಮನೆಯಲ್ಲಿ ಹೇಳಿದ್ರೆ ಪಾಯಸದ ಕೊಪ್ಪರಿಗೆಯ ಭಾಷಣ ಕೇಳ್ಬೇಕು. ಹಾಗಾಗಿ ಹೇಳ್ಲಿಲ್ಲ."

ವಿಜಯರಾಜರು ಸಾಧನಾಳ ಮುಖ ನೋಡಿದರು. ಅವಳೆಂದಳು: "ದಿನಾ ಅದನ್ನೇ ಹಾಕಿ ಬ್ಯಾಟರಿ ಕಾಯಿಸಿದರೆ ತೊಂದರೆ. ವಾರಕ್ಕೊಮ್ಮೆ ಅದು, ಉಳಿದ ದಿನ ಮನೆಯಲ್ಲಿ ನಿಧಾನಕ್ಕೆ ಅಂದರೆ ಏನೂ ಆಗುವುದಿಲ್ಲ ಅನ್ನುವುದಕ್ಕೆ ಈ ಕಾರೇ ಸಾಕ್ಷಿ."

ಬಿಡಿಸಿದ ಶಾಲನ್ನು ಮಡಚಿ ಒಳಗಿಡುವುದು ಯಾವ ಸಭೆಗೂ ಶೋಭೆಯಲ್ಲ. ತುದಿ ಹಿಡಿದವರ ಕೈ ಸೋಲುತ್ತಿತ್ತು. ವಿಜಯರಾಜರು ಗಂಟಲು ಸರಿಪಡಿಸಿಕೊಂಡರು. "ನಮಗೆಲ್ಲರಿಗೂ ಮೂರು ವರ್ಷದಿಂದ ಇದ್ದ ಭಯವನ್ನು ಮೌನವಾಗಿ ನಿವಾರಿಸಿದ ಶ್ರೀಮತಿ ರಾಜೀವಿಯವರು ವೇದಿಕೆಗೆ ಬರಬೇಕು."

ಶಾಲು ರಾಜೀವಿಯ ಹೆಗಲಿಗೆ ಬಿತ್ತು. ಹಣ್ಣಿನ ಬುಟ್ಟಿಯೂ ಅವಳ ಕೈಗೇ ಹೋಯಿತು. ಫೋಟೋದವನು "ಸರ್, ಸ್ವಲ್ಪ ಆ ಕಡೆ" ಎಂದು ಶೆಟ್ಟರನ್ನು ಚೌಕಟ್ಟಿನಿಂದ ಹೊರಗೆ ಸರಿಸಿದ. ಶಾಲು ಕೈತಪ್ಪಿದ ಸಂಕಟವಿದ್ದರೂ, ಕೆಂಪು ಶಾಲಿನಲ್ಲಿ ತಲೆಯೆತ್ತಿ ನಿಂತ ಹೆಂಡತಿಯನ್ನು ನೋಡಿ ಶೆಟ್ಟರಿಗೆ ಒಂದು ಹೆಮ್ಮೆಯೂ ಆಯಿತು. ಅದನ್ನು ಹೇಳಿಕೊಳ್ಳಲು ಮಾತ್ರ ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ.

ಹೊರಗೆ ನವಾಝ್ ಕಾಯುತ್ತಿದ್ದ. "ಎಲ್ಲಿಗೆ ಬಿಡುದು ಶೆಟ್ರೇ?"

"ಆ ಹೋಟೆಲ್ಲಿಗೆ," ಎಂದರು ಶೆಟ್ಟರು, ನೆಲ ನೋಡುತ್ತ. "ಆ ಚಾರ್ಜರಿಗೆ."

ಆಗ ಖಾಲಿ ಹೊಡೆಯುತ್ತಿದ್ದ ಅಂಗಳದಲ್ಲಿ ಈಗ ಕಾಲಿಡಲು ಜಾಗವಿರಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದವರ ಕಾರುಗಳೆಲ್ಲ ಒಂದರ ಹಿಂದೊಂದು ಸಾಲುಗಟ್ಟಿದ್ದವು. ಚಾರ್ಜರಿನ ಕೇಬಲ್ಲು ಸಿಕ್ಕಿಸಿಕೊಂಡಿದ್ದ ಮೊದಲ ಕಾರು ವಿಜಯರಾಜರದು. ಅವರು ಶೆಟ್ಟರನ್ನು ಕಂಡದ್ದೇ ಕಿಟಕಿಯ ಗಾಜು ಏರಿಸಿಕೊಂಡರು.

ನವಾಝ್ ಲಾರಿಯನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ. ಎದುರಿನ ಕಾರುಗಳನ್ನು ಒಂದೊಂದಾಗಿ ನೋಡಿ, ತಲೆ ಹೊರಗೆ ಹಾಕಿ ಹೇಳಿದ:

"ಬೆಳಿಗ್ಗೆ ಆಗ್ತದೆ ಶೆಟ್ರೇ. ಮನೆಯಲ್ಲಿ ಹಾಕಿದ್ರೆ ಇದಕ್ಕಿಂತ ಬೇಗ ಆಗ್ತಿತ್ತು."