ಅಕ್ಕು ಅಜ್ಜಿಯ ಎಲೆಗೆ ಕಾಣೆ

ಜಗಳ ಹುಟ್ಟಿದ್ದು ಐಸಿನೊಳಗೆ ತಣ್ಣಗೆ ಮಲಗಿದ್ದ ನಾಲ್ಕು ಬಂಗುಡೆ ಮೀನುಗಳಿಂದ.

ಅಕ್ಕು ಅಜ್ಜಿ ತೊಂಬತ್ತಾರು ವರ್ಷ ಬಾಳಿ, ಚಳಿಗಾಲದ ಒಂದು ಬೆಳಿಗ್ಗೆ ಚಾ ಕುಡಿದ ಲೋಟವನ್ನು ಜಾಗ್ರತೆಯಾಗಿ ಕೆಳಗಿಟ್ಟು, ಹಾಗೇ ಗೋಡೆಗೊರಗಿ ತೀರಿಕೊಂಡಿದ್ದಳು. ಕಾಪುವಿನ ಕಡಲ ಬದಿಯಿಂದ ಶಿರ್ವದ ಮನೆಮನೆಗೆ ಐವತ್ತು ವರ್ಷ ಮೀನಿನ ಬುಟ್ಟಿ ಹೊತ್ತವಳು. ಆ ಬುಟ್ಟಿಯಿಂದಲೇ ಮೂರು ಮಕ್ಕಳನ್ನು ದಡ ಸೇರಿಸಿ, ಕಿರಿಯ ಮಗಳು ಸತ್ತಾಗ ಅವಳ ಕೂಸು ಯಶ್ವಂತನನ್ನೂ ಸಾಕಿದವಳು. ಅವಳು ಹೋದ ಮೇಲೆ ಬಂದ ಮೊದಲ ಆಟಿ ಇದು, ಜಡಿಮಳೆಯ ಆಷಾಢದ ತಿಂಗಳು. ಆಟಿಯಲ್ಲಿ ಸತ್ತವರು ಮನೆಗೆ ಬರುತ್ತಾರಂತೆ. ಅವರಿಗೆ ಇಷ್ಟವಾದದ್ದನ್ನು ಬಾಳೆ ಎಲೆಯಲ್ಲಿ ಬಡಿಸಿ, ದೀಪ ಇಟ್ಟು, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಬಿಡಬೇಕು. ಅದೇ ಅಗೆಲು.

“ಅಮ್ಮನಿಗೆ ಬಂಗುಡೆ ಅಂದರೆ ಪ್ರಾಣ,” ಎಂದು ಯಶ್ವಂತನ ದೊಡ್ಡಮ್ಮ ಪುಷ್ಪಾವತಿ ಐಸಿನ ಡಬ್ಬಿ ತೆರೆದಳು.

“ಬಂಗುಡೆಯಾ?” ಕಾರ್ಕಳದಲ್ಲಿ ಕ್ಯಾಂಟೀನು ಇಟ್ಟುಕೊಂಡಿರುವ ಅಂಗಾರ ಮಾವನ ಮೀಸೆ ಸಿಗಡಿಯ ಮೀಸೆಯ ಹಾಗೆ ಅಲುಗಾಡಿತು. “ಅಂಜಲ್ ಅಕ್ಕ, ಅಂಜಲ್! ಒಬ್ಬನೇ ಮಗ ನಾನು, ನನಗೆ ಗೊತ್ತಿಲ್ವಾ? ಅದಕ್ಕೇ ಕಾರ್ಕಳದಿಂದ ಐಸಿನಲ್ಲಿಟ್ಟು ತಂದದ್ದು.”

ಆಟೋ ಒರೆಸುತ್ತಿದ್ದ ಯಶ್ವಂತ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಡಿದ. ವರ್ಷಕ್ಕೆ ಎರಡು ಸಲ ಬಂದು ಮುಖ ತೋರಿಸಿ ಹೋಗುವವರು ಇವರು. ನಲವತ್ತು ವರ್ಷ ಅಜ್ಜಿಯ ಜೊತೆ ಒಂದೇ ಮಾಡಿನ ಕೆಳಗೆ ಇದ್ದವನು ತಾನು. ತನ್ನನ್ನು ಒಂದು ಮಾತು ಕೇಳಬೇಡವಾ?

“ಎರಡೂ ಅಲ್ಲ. ಅಜ್ಜಿಗೆ ಇಷ್ಟ ಕಾಣೆ ಮೀನು. ಒಳ್ಳೆಯ ಕಾಣೆ ಸಿಕ್ಕಿದರೆ ಗಿರಾಕಿಗೂ ತೋರಿಸದೆ ಬುಟ್ಟಿಯ ಅಡಿಯಲ್ಲಿ ಎಲೆ ಸುತ್ತಿ ಮನೆಗೆ ತರುತ್ತಿದ್ದಳು. ನಾನು ಕಣ್ಣಾರೆ ನೋಡಿದವನು.”

“ಹಾಗಾದರೆ ತಾ ನಿನ್ನ ಕಾಣೆ,” ಎಂದಳು ದೊಡ್ಡಮ್ಮ. “ಸಂಜೆಯೊಳಗೆ ತರದಿದ್ದರೆ ಅಮ್ಮನ ವಿಷಯದಲ್ಲಿ ಇನ್ನು ನೀನು ಬಾಯಿ ತೆಗೆಯಬಾರದು.”

ಯಶ್ವಂತ ಬೆಳಗಿನ ತಿಂಡಿಯನ್ನೂ ಮುಟ್ಟದೆ ಆಟೋ ಹತ್ತಿದ.

ಆಟಿಯಲ್ಲಿ ದೊಡ್ಡ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಸಣ್ಣ ದೋಣಿಯವರೂ ಆ ದಿನ ತೆರೆಯ ಅಬ್ಬರ ನೋಡಿ ಮಗುಚಿ ಹಾಕಿದ ದೋಣಿಯ ಕೆಳಗೆ ಕೂತು ಇಸ್ಪೀಟು ಆಡುತ್ತಿದ್ದರು. ಕಾಪುವಿನ ಮಾರ್ಕೆಟಿನಲ್ಲಿ ಇದ್ದದ್ದು ಒಣಮೀನು ಮಾತ್ರ. ಆಟೋ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಡ್ರೈವರ್ ಜೋನ್ ತಲೆ ಹೊರಹಾಕಿ ನಕ್ಕ.

“ಈ ಮಳೆಯಲ್ಲಿ ಕಾಣೆ ಹುಡುಕುವುದಾ ಮಾರಾಯ? ಅದಕ್ಕೆ ಸರಿಯಾದ ಹೆಸರೇ ಇಟ್ಟಿದ್ದಾರೆ. ಎಲ್ಲಿ ನೋಡಿದರೂ ಕಾಣೆ!”

ಸ್ಟ್ಯಾಂಡು ಇಡೀ ನಕ್ಕಿತು. ಯಶ್ವಂತನಿಗೆ ಮಾತ್ರ ನಗು ಬರಲಿಲ್ಲ. ಅಜ್ಜಿಯ ಕೈಯಿಂದ ಬಿಟ್ಟಿ ಬೂತಾಯಿ ಮೀನು ತಿನ್ನದವರು ಈ ಗುಂಪಿನಲ್ಲಿ ಒಬ್ಬರಾದರೂ ಇದ್ದಾರಾ? ಸತ್ತು ವರ್ಷ ತುಂಬಿಲ್ಲ, ಆಗಲೇ ತಮಾಷೆ!

ಉಡುಪಿಯ ಮಾರ್ಕೆಟಿಗೆ ಮುಟ್ಟುವಾಗ ಗಂಟೆ ಹನ್ನೊಂದು. ಮೂಲೆಯಲ್ಲಿ ಐಸಿನ ಮೀನು ಹರಡಿ ಕೂತಿದ್ದ ಮುದುಕಿಯೊಬ್ಬಳು, ಅವನು ಅಗೆಲಿಗೆ ಕಾಣೆ ಬೇಕು ಎಂದ ಕೂಡಲೇ, “ಯಾರಿಗೆ?” ಎಂದಳು.

“ಕಾಪುವಿನ ಅಕ್ಕು ಅಜ್ಜಿಗೆ.”

“ಅಯ್ಯೋ ದೇವರೇ, ಅಕ್ಕುವಿಗಾ! ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬುಟ್ಟಿ ಹಾಕುತ್ತಿದ್ದದ್ದು. ಕಂಡಕ್ಟರ್ ಬುಟ್ಟಿ ಇಳಿಸು ಅಂದರೆ ಮೊದಲು ನಿನ್ನನ್ನು ಇಳಿಸುತ್ತೇನೆ ಅನ್ನುವವಳು. ಅವಳಿಗೆ ಕಾಣೆ ಅಂತ ನಿನಗೆ ಹೇಳಿದ್ದು ಯಾರು? ಬೂತಾಯಿ! ಅವಳಿಗೆ ಬೂತಾಯಿಯೇ ಆಗಬೇಕು.”

ಬೇಡ ಬೇಡ ಎನ್ನುವಷ್ಟರಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಬೂತಾಯಿ ಅವನ ಕೈಗೆ ಬಂತು. ಅಳುತ್ತಾ ಕೊಟ್ಟದ್ದನ್ನು ಹಿಂದಕ್ಕೆ ಕೊಡುವುದು ಹೇಗೆ?

“ಕಾಣೆ ನಾಲ್ಕು ಇತ್ತು ಮಗಾ, ಈಗಷ್ಟೇ ಹೋಯಿತು. ಅಗೋ, ಆ ಬಿಳಿ ಕಾರಿನ ಮೇಡಂ.”

ಯಶ್ವಂತ ಓಡಿದ. ಅವನು ಆಟೋ ಚಾಲೂ ಮಾಡುವಷ್ಟರಲ್ಲಿ ಬಿಳಿ ಕಾರು ಮಣಿಪಾಲದ ಏರು ಹತ್ತುತ್ತಿತ್ತು. ಏರಿನಲ್ಲಿ ಆಟೋ ಅಸ್ತಮಾದ ರೋಗಿಯ ಹಾಗೆ ಏದುಸಿರು ಬಿಟ್ಟಿತು. ಅಂತೂ ಒಂದು ಫ್ಲ್ಯಾಟಿನ ಗೇಟಿನೊಳಗೆ ಕಾರು ಮಾಯವಾದದ್ದು ಕಂಡಿತು. ವಾಚ್‌ಮನ್‌ಗೆ ಕಾಲು ಗಂಟೆ ಅಜ್ಜಿಯ ಕತೆ ಹೇಳಿ ಮೂರನೆಯ ಮಹಡಿಗೆ ಹೋದ.

ಬಾಗಿಲು ತೆರೆದ ಹರ್ಷಿಣಿ ಮೇಡಂ ಕಾಲೇಜಿನಲ್ಲಿ ಪಾಠ ಮಾಡುವವರು. ಮೈಯೆಲ್ಲ ನೀರು ಸುರಿಯುತ್ತಾ, ಕೈಯಲ್ಲಿ ಬೂತಾಯಿಯ ತೊಟ್ಟೆ ಹಿಡಿದು ನಿಂತವನನ್ನು ನೋಡಿ, “ಮೀನು ಬೇಡ, ಆಯಿತು ಇವತ್ತಿಗೆ,” ಎಂದರು.

“ಮಾರಲಿಕ್ಕೆ ಅಲ್ಲ ಮೇಡಂ, ಕೇಳಲಿಕ್ಕೆ ಬಂದದ್ದು. ನಿಮ್ಮ ಕಾಣೆಯಲ್ಲಿ ಒಂದು...”

“ಅದು ನಮಗಲ್ಲ ಅಲ್ವಾ. ನಾವು ಸಸ್ಯಾಹಾರಿಗಳು. ಚಿನ್ನುವಿಗೆ.”

ಚಿನ್ನು ಸೋಫಾದ ಮೇಲಿತ್ತು. ಬಿಳಿ, ಉರುಟು, ಕೊಬ್ಬಿದ ಬೆಕ್ಕು.

ಯಶ್ವಂತನಿಗೆ ಬೆಳಗ್ಗಿನಿಂದ ಒಟ್ಟಾಗಿದ್ದ ಸಿಟ್ಟೆಲ್ಲ ಗಂಟಲಿಗೆ ಬಂತು. “ಬೆಕ್ಕಿಗಾ? ಕಾಣೆಯಾ? ಮೇಡಂ, ಶಿರ್ವದ ಗುಡ್ಡೆಯನ್ನು ಬರಿಗಾಲಲ್ಲಿ ಹತ್ತಿ ನಮ್ಮನ್ನು ಸಾಕಿದ ಅಜ್ಜಿಯ ಅಗೆಲಿಗೆ ಒಂದು ಕಾಣೆ ಇಲ್ಲ. ಸೋಫಾದಿಂದ ಇಳಿಯದ ಇದಕ್ಕೆ ನಾಲ್ಕಾ?”

ಹೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು. ಆದರೆ ಮೇಡಂ ಬಯ್ಯಲಿಲ್ಲ. ಸ್ವಲ್ಪ ಯೋಚಿಸಿ, “ಚಿನ್ನು ಬೂತಾಯಿ ತಿಂದರೆ ನಿಮ್ಮದು ನಮಗೆ, ನಮ್ಮದು ನಿಮಗೆ. ತಿನ್ನದಿದ್ದರೆ ಬೇಸರ ಮಾಡಬಾರದು,” ಎಂದರು.

ತಟ್ಟೆಯಲ್ಲಿ ಒಂದು ಬೂತಾಯಿ ಇಟ್ಟರು. ಚಿನ್ನು ಮೂಸಿತು. ಮುಖ ತಿರುಗಿಸಿತು. ಮುಂಗಾಲು ನೆಕ್ಕಿತು. ನಲವತ್ತು ವರ್ಷದ ಗಂಡಸು ನೆಲದಲ್ಲಿ ಮಂಡಿಯೂರಿ, “ತಿನ್ನು ಮಾರಾಯ್ತಿ, ತಾಜಾ ಉಂಟು,” ಎಂದು ಬೆಕ್ಕನ್ನು ಬೇಡಿಕೊಂಡ. ಹತ್ತು ನಿಮಿಷ ಸತಾಯಿಸಿ ಚಿನ್ನು ಬಾಲದಿಂದ ಶುರು ಮಾಡಿತು.

ಕಟಪಾಡಿಯಲ್ಲಿ ಟಯರು ಪಂಕ್ಚರ್ ಆಗಿ, ಮಳೆಯಲ್ಲಿ ನೆನೆದು ಅವನು ಮನೆ ಸೇರುವಾಗ ಸಂಜೆ ಐದು. ನಾಲ್ಕು ಕಾಣೆಗಳನ್ನು ಪದಕದ ಹಾಗೆ ಎತ್ತಿ ತೋರಿಸಿದ. ದೊಡ್ಡಮ್ಮ ಅದಕ್ಕೂ ಮಸಾಲೆ ಅರೆದಳು. ಅಜ್ಜಿಯ ಎಲೆಗೆ ಅನ್ನ, ಬಂಗುಡೆ, ಅಂಜಲ್, ಎಲ್ಲದರ ಮೇಲೆ ಕಾಣೆ ಬಿತ್ತು. ಯಶ್ವಂತನೇ ದೀಪ ಇಟ್ಟು ಬಾಗಿಲು ಮುಚ್ಚಿದ.

ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂತು. ಶಿರ್ವದ ಲೀನಾ ಬಾಯಿ. ಅಜ್ಜಿಯ ಹಳೆಯ ಗಿರಾಕಿ; ಅಜ್ಜಿ ಸತ್ತಾಗ ಮಗನ ಜೊತೆ ಕುವೈತಿನಲ್ಲಿದ್ದರು. ಕೈಯಲ್ಲಿ ಒಂದು ಟಿಫಿನ್ ಕ್ಯಾರಿಯರ್.

“ಇವತ್ತು ಅಗೆಲು ಅಂತ ಗೊತ್ತಾಯಿತು, ಅಕ್ಕುವಿಗೆ ಸೌತೆಕಾಯಿ ಸಾಂಬಾರು ತಂದೆ,” ಎನ್ನುತ್ತಾ ಒಳಗೆ ಬಂದರು. ಎಲೆ ಇಟ್ಟು ಸಾಕಷ್ಟು ಹೊತ್ತಾಗಿತ್ತು, ಯಶ್ವಂತ ಕೋಣೆಯ ಬಾಗಿಲು ತೆರೆದ. ಲೀನಾ ಬಾಯಿ ಎಲೆ ನೋಡಿ ಬಾಯಿಗೆ ಕೈ ಇಟ್ಟರು.

“ಮೀನಾ? ಅಕ್ಕುವಿಗೆ ಮೀನಾ? ನಲವತ್ತು ವರ್ಷ ನಮ್ಮ ಜಗುಲಿಯಲ್ಲಿ ಕೂತು ಮಧ್ಯಾಹ್ನ ಉಂಡವಳು, ಒಂದು ದಿನ ಮೀನು ಮುಟ್ಟಿಲ್ಲ. ‘ಬೆಳಗ್ಗಿನಿಂದ ತಲೆ ಮೇಲೆ ಅದೇ ವಾಸನೆ ಬಾಯೀ, ಹೊಟ್ಟೆಗೂ ಅದೇ ಬೇಕಾ?’ ಅನ್ನುತ್ತಿದ್ದಳು. ಸೌತೆಕಾಯಿ ಸಾಂಬಾರು ಆದರೆ ಮಾತ್ರ ಅವಳ ಮುಖ ಅರಳುತ್ತಿತ್ತು.”

“ನಮಗೆ ಯಾಕೆ ಹೇಳಲಿಲ್ಲ?” ಎಂದಳು ದೊಡ್ಡಮ್ಮ.

“ಮಾರುವವಳೇ ತಿನ್ನುವುದಿಲ್ಲ ಅಂತ ಊರಿಗೆ ಗೊತ್ತಾದರೆ ಕೊಳ್ಳುವವರು ಯಾರು ಪುಷ್ಪಾ?”

“ಹಾಗಾದರೆ ಎಲೆ ಸುತ್ತಿ ಇಡುತ್ತಿದ್ದ ಆ ಕಾಣೆ?” ಯಶ್ವಂತ ಕೇಳಿದ.

“ಅದು ನಿನಗೆ ಅಲ್ವಾ! ಮಗಳಿಗೆ ಬಂಗುಡೆ, ಮಗನಿಗೆ ಅಂಜಲ್, ಪುಳ್ಳಿಗೆ ಕಾಣೆ ಅಂತ ಒಳ್ಳೆಯದನ್ನೆಲ್ಲ ತೆಗೆದಿಟ್ಟು, ಉಳಿದದ್ದನ್ನು ನನಗೆ ಕೊಡುವುದು. ಇಷ್ಟು ವರ್ಷದಲ್ಲಿ ಒಂದು ಒಳ್ಳೆಯ ಕಾಣೆ ಕೊಡಲಿಲ್ಲ ಆ ಹೆಂಗಸು ನನಗೆ!” ಲೀನಾ ಬಾಯಿಗೆ ಈಗಲೂ ಸಿಟ್ಟು ಉಳಿದಿತ್ತು.

ಮಾವ ಮೀಸೆ ಒರೆಸಿಕೊಂಡ. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿ ಯಶ್ವಂತನ ಕಡೆ ತಿರುಗಿದಳು.

“ನಾವಾದರೂ ದೂರ ಇದ್ದವರು. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದವನು ನೀನು. ನಿನಗೆ ಇಷ್ಟು ಗೊತ್ತಿಲ್ವಾ?”

ಅಜ್ಜಿ ಯಾವಾಗಲೂ ಎಲ್ಲರಿಗೂ ಬಡಿಸಿದ ಮೇಲೆ ಒಲೆಯ ಬದಿಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು; ಅವಳ ತಟ್ಟೆಗೆ ಯಶ್ವಂತ ಒಮ್ಮೆಯೂ ಇಣುಕಿರಲಿಲ್ಲ.

ಹೊಸ ಎಲೆ ಹಾಕಿ ಅನ್ನ, ಸಾಂಬಾರು ಬಡಿಸಿದರು. ಮತ್ತೆ ಬಾಗಿಲು ಮುಚ್ಚಿ, ಮತ್ತೆ ತೆರೆದರು. “ಅಜ್ಜಿಯ ಎಲೆ ಬಿಸಾಡಬಾರದು. ದೀಪ ಇಟ್ಟವನೇ ಉಣ್ಣಬೇಕು,” ಎಂದ ಮಾವ. “ಮತ್ತೆ ಈ ಮೀನು... ಮೀನಿನದ್ದು ಎಂತ ತಪ್ಪು?”

ಮೀನಿನ ಎಲೆಯ ಸುತ್ತ ಉಳಿದವರೆಲ್ಲ ಕೂತರು. ಕಾಣೆ ನಾಲ್ಕೂ ಲೀನಾ ಬಾಯಿಯ ಪಾಲಿಗೆ ಹೋಯಿತು. ಅವರು ಮುಳ್ಳು ಮುಳ್ಳನ್ನೂ ಚೀಪುತ್ತಾ, “ಅಂತೂ ಕೊಟ್ಟಳು ಅಕ್ಕು,” ಎಂದರು.

ಬೆಳಗ್ಗಿನಿಂದ ಹಸಿದಿದ್ದ ಯಶ್ವಂತ ಮೂಲೆಯಲ್ಲಿ ಅಜ್ಜಿಯ ಎಲೆಯ ಮುಂದೆ ಕೂತು ಸಾಂಬಾರನ್ನ ಕಲಸಿದ. ಸೌತೆಕಾಯಿ ಎಂದರೆ ಅವನಿಗೆ ಚಿಕ್ಕಂದಿನಿಂದ ಆಗದು. ನಲವತ್ತು ವರ್ಷ ಒಂದು ಮಾತು ಹೇಳದೆ ಯಾಮಾರಿಸಿದ ಮುದುಕಿಯನ್ನು ಮನಸ್ಸಿನಲ್ಲೇ ಬಯ್ಯುತ್ತಾ ಮೊದಲ ತುತ್ತು ಬಾಯಿಗಿಟ್ಟ.

ಸಾಂಬಾರು ಚೆನ್ನಾಗಿತ್ತು. ಇಡೀ ದಿನದಲ್ಲಿ ಅವನಿಗೆ ಅಷ್ಟು ಸಿಟ್ಟು ಬರಿಸಿದ್ದು ಇನ್ನೊಂದಿಲ್ಲ.