ಗಂಟೆ ಬಾರಿಸುವವರೆಗೆ ಯಾರೂ ಏಳತಕ್ಕದ್ದಲ್ಲ

(ಇಲಾಖೆಯ ಹೆಸರು ಮುದ್ರೆಯಲ್ಲಿ ಮಸುಕಾಗಿದೆ)
ಧಾರವಾಡ

ಸಂಖ್ಯೆ: ಧ್ಯಾನ/ಬೇವು/17/1964-65
ದಿನಾಂಕ: 16ನೇ ಏಪ್ರಿಲ್ 1964

ವಿಷಯ: ಯೋಗ, ಝೆನ್ ಧ್ಯಾನ ಹಾಗೂ ಪ್ರಕೃತಿ ಪ್ರಜ್ಞೆಯನ್ನು ಕಚೇರಿ ಕೆಲಸದೊಡನೆ ಒಂದುಗೂಡಿಸುವ ಬಗ್ಗೆ, ಮತ್ತು ಮಾಲಿ ಮೈಲಾರಪ್ಪ ಏಳದೇ ಇರುವ ಬಗ್ಗೆ.

ಉಲ್ಲೇಖ: 1) ಎಲ್ಲರೂ ಧ್ಯಾನಕ್ಕೆ ಕೂಡುವ ಆದೇಶ, ದಿ. 2-3-1964.
2) ಬೇವಿನ ಮರ ಕಡಿಯುವ ಆದೇಶ, ದಿ. 6-4-1964.

ಮುಖ್ಯಾಧಿಕಾರಿ ಶ್ರೀ ಯಜ್ಞೇಶ್ವರ ಅವರನ್ನು ಜಪಾನಿ ಪದ್ಧತಿಯ ಭತ್ತದ ನಾಟಿ ಕಲಿತು ಬರಲು ಮೂರು ತಿಂಗಳ ಮಟ್ಟಿಗೆ ಜಪಾನಿಗೆ ಕಳಿಸಲಾಗಿತ್ತು. ಅಲ್ಲಿ ಮಳೆ ಹಿಡಿದುಕೊಂಡಿದ್ದರಿಂದ ಅವರು ಹತ್ತಿರದ ಮಠವೊಂದರಲ್ಲಿ ಗೋಡೆಗೆ ಮುಖಮಾಡಿ ಸುಮ್ಮನೆ ಕೂಡುವುದನ್ನು ಕಲಿತು ಬಂದಿರುತ್ತಾರೆ. ನಾಟಿಯ ಬಗ್ಗೆ ವರದಿ ಇನ್ನೂ ಬರಬೇಕಾಗಿದೆ. ಈ ವಿದ್ಯೆಗೆ ತಮ್ಮ ಹಳೆಯ ಯೋಗಾಭ್ಯಾಸವನ್ನೂ ಗಿಡಮರಗಳ ಮೇಲಿನ ಪ್ರೀತಿಯನ್ನೂ ಕೂಡಿಸಿ ಅವರು ರೂಪಿಸಿದ ನಿಯಮಗಳನ್ನು, ಈಚಿನ ಘಟನೆಗಳ ಸಹಿತ, ಸಿಬ್ಬಂದಿಯ ಗಮನಕ್ಕೆ ತರಲಾಗಿದೆ.

1. ಪ್ರತಿದಿನ ಹನ್ನೊಂದು ಗಂಟೆಯಿಂದ ಇಪ್ಪತ್ತು ನಿಮಿಷ ಎಲ್ಲರೂ ಕೂಡತಕ್ಕದ್ದು. ಸುಣ್ಣ ಬಳಿದ ಗೋಡೆಯನ್ನು ಅಧಿಕಾರಿಗಳಿಗೂ, ಕಡತದ ಕಪಾಟುಗಳನ್ನು ಗುಮಾಸ್ತರಿಗೂ ಹಂಚಲಾಗಿದೆ. ಹಂಗಾಮಿ ನೌಕರರು ಕಾಯಂ ಆಗುವವರೆಗೆ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡತಕ್ಕದ್ದು.

2. ಒಳಗೆಳೆದುಕೊಂಡ ಉಸಿರು ಅಂಗಳದ ಮರಗಳಿಂದ ಬಂದುದಾದ್ದರಿಂದ, ಅದನ್ನು ಕಿಟಕಿಯ ದಿಕ್ಕಿನಲ್ಲಿ ಮರಳಿಸತಕ್ಕದ್ದು. ಮೇಜಿನ ಕೆಳಗೆ ಉಸಿರು ಬಿಡುವುದನ್ನು ನಿಷೇಧಿಸಲಾಗಿದೆ.

3. ಧ್ಯಾನದಲ್ಲಿ ಬರುವ ಆಲೋಚನೆಗಳನ್ನು ಆವಕ ವಹಿಯಲ್ಲಿಯೂ, ಹೋಗುವ ಆಲೋಚನೆಗಳನ್ನು ಜಾವಕ ವಹಿಯಲ್ಲಿಯೂ ದಾಖಲಿಸತಕ್ಕದ್ದು. ಬಂದ ಆಲೋಚನೆ ಎರಡು ದಿನದೊಳಗೆ ಹೋಗದಿದ್ದಲ್ಲಿ ಅದಕ್ಕೆ ಜ್ಞಾಪನಪತ್ರ ಕಳಿಸಲಾಗುವುದು. ಬರೆಯಲು ಬಾರದವರು ಹಿರಿಯ ಗುಮಾಸ್ತ ಶ್ರೀ ಬಿಂದುಮಾಧವ ಅವರ ಕಿವಿಯಲ್ಲಿ ಹೇಳಿ ಬರೆಸಬಹುದು. ಇದು ಮೌನಭಂಗವಲ್ಲ.

4. ಸೊಳ್ಳೆಯೂ ಪ್ರಕೃತಿಯ ಅಂಗವಾಗಿದೆ. ಕಚ್ಚುತ್ತಿರುವ ಸೊಳ್ಳೆಯನ್ನು, ಅದರ ಕೆಲಸ ಮುಗಿಯುವ ಮೊದಲು, ಯಾವ ದರ್ಜೆಯ ನೌಕರರೂ ಎಬ್ಬಿಸತಕ್ಕದ್ದಲ್ಲ.

5. ಕೂಡಲು ಗೋಡೆ ಉಳಿಯದ್ದರಿಂದ ಮಾಲಿ ಮೈಲಾರಪ್ಪ ಅವರಿಗೆ ಅಂಗಳದ ಬೇವಿನ ಬೊಡ್ಡೆಯನ್ನು ನೀಡಲಾಗಿದೆ. ಅವಸರ ತಿಳಿಯದ ಮನುಷ್ಯರೆಂದು ಧ್ಯಾನ ಮುಗಿಸುವ ಗಂಟೆಯನ್ನೂ ಅವರಿಗೇ ವಹಿಸಲಾಗಿದೆ. ಆ ಗಂಟೆ ಬಾರಿಸುವವರೆಗೆ ಯಾರೂ ಏಳತಕ್ಕದ್ದಲ್ಲ. ಕೂತವರನ್ನು ಯಾರೂ, ಮುಖ್ಯಾಧಿಕಾರಿಗಳೂ ಸಹ, ಎಬ್ಬಿಸತಕ್ಕದ್ದಲ್ಲ. ತಾವೂ ಕೂತುಕೊಳ್ಳದೆ ಅವರನ್ನು ಮಾತನಾಡಿಸತಕ್ಕದ್ದಲ್ಲ.

6. ಸಿಬ್ಬಂದಿಯ ಪ್ರಕೃತಿ ಪ್ರಜ್ಞೆ ಇನ್ನಷ್ಟು ಬೆಳೆಯಲೆಂದು ಅಂಗಳದಲ್ಲಿ ಧ್ಯಾನಮಂದಿರ ಕಟ್ಟುವುದೆಂದೂ, ಅದಕ್ಕೆ ಜಾಗವಾಗಲು ಸದರಿ ಬೇವನ್ನು ಕಡಿಯುವುದೆಂದೂ, ಕಡಿದ ಬೇವಿನ ಚಿತ್ರವನ್ನು ಮಂದಿರದ ಗೋಡೆಯ ಮೇಲೆ ಬರೆಸುವುದೆಂದೂ ತೀರ್ಮಾನಿಸಲಾಗಿತ್ತು. ಅದರಂತೆ ದಿನಾಂಕ 13ರಂದು ಬೆಂಗೇರಿಯ ಮಕಬೂಲಸಾಬ ಅವರು ಗರಗಸ ಸಹಿತ ಹಾಜರಾದರು. ಮೈಲಾರಪ್ಪ ಎಂದಿನಂತೆ ಹನ್ನೊಂದಕ್ಕೆ ಕೂತರು. ಹನ್ನೊಂದು ಇಪ್ಪತ್ತಕ್ಕೆ ಗಂಟೆ ಆಗಲಿಲ್ಲ. ಮಧ್ಯಾಹ್ನದ ಊಟಕ್ಕೂ ಆಗಲಿಲ್ಲ. ಸಂಜೆ ಐದೂವರೆಯವರೆಗೆ ಮೂವತ್ತೊಂದು ಜನ ಗೋಡೆ, ಕಪಾಟು, ಬೆನ್ನುಗಳನ್ನು ನೋಡುತ್ತ ಕೂತಿದ್ದು, ಕಚೇರಿಯ ಕೆಲಸದಲ್ಲಿ ಯಾವ ವ್ಯತ್ಯಾಸವೂ ಕಂಡುಬಂದಿರುವುದಿಲ್ಲ.

7. ಆವಕ ವಹಿಯಲ್ಲಿ ಅಂದು ದಾಖಲಾದ ಆಲೋಚನೆಗಳ ನಕಲು:

ಮೈಲಾರಪ್ಪ: "ಅಕ್ಕವ್ವ ಹುಟ್ಟಿದ ವರ್ಷ ಹಚ್ಚೇನ್ರಿ ಈ ಗಿಡ. ಮಗಳು ಗಂಡನ ಮನಿಗಿ ಹೋದ್ಲು. ಇದೂ ಹೋದ್ರ ನಾ ನೀರ ಹಾಕೂದು ಯಾರಿಗ್ರಿ? ಗಂಟಿ ಬಾರ್ಸಿದ್ರ ಗರಗಸ ಸುರು ಆಕ್ಕತಿ. ಅದಕ ಬಾರ್ಸಂಗಿಲ್ರಿ."

ಮಕಬೂಲಸಾಬ (ಸಿಬ್ಬಂದಿಯಲ್ಲದಿದ್ದರೂ ನಿಂತು ನಿಂತು ಬೇಸತ್ತು ಕೂತವರು): "ಕೂತ ಮನಶ್ಯಾನ ತಲಿ ಮ್ಯಾಲೆ ಟೊಂಗಿ ಕೆಡವೂ ಕೆಲಸ ನಮ್ಮಪ್ಪನೂ ಮಾಡಿಲ್ರಿ. ನೆಳ್ಳ ಛಲೋ ಐತಿ."

ಮೈಲಾರಪ್ಪನವರ ಆಲೋಚನೆ ಇಂದಿನವರೆಗೆ ಜಾವಕವಾಗಿಲ್ಲ. ಜ್ಞಾಪನಪತ್ರ ಬರೆಯಲು ಕೂತ ಹಿರಿಯ ಗುಮಾಸ್ತರಿಗೆ ಕೈ ಬರಲಿಲ್ಲವೆಂದು ಅವರೇ ವರದಿ ಮಾಡಿರುತ್ತಾರೆ.

8. ಕಚೇರಿ ವೇಳೆ ಮುಗಿದ ಕೂಡಲೇ ಮೈಲಾರಪ್ಪ ಗಂಟೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋಗಿ, ಮರುದಿನ ಬಂದು ಬಿಟ್ಟಲ್ಲಿಂದ ಕೂಡುತ್ತಾರೆ. ವೇಳೆಯ ಹೊರಗೆ ಮರ ಕಡಿಯಲು ನಿಯಮಗಳಲ್ಲಿ ಅವಕಾಶವಿಲ್ಲ.

9. ನಿನ್ನೆ ಮುಖ್ಯಾಧಿಕಾರಿಗಳು ಖುದ್ದಾಗಿ ಬುದ್ಧಿ ಹೇಳಲು ಅಂಗಳಕ್ಕೆ ಇಳಿದರು. ಕಲಮು 5ರ ಪ್ರಕಾರ ಮಾತನಾಡಿಸಲು ಅವರೂ ಕೂಡಬೇಕಾಯಿತು. ಬಿಸಿಲು ಬಹಳವಿತ್ತು. ಒಂದು ತಾಸು ಬೇವಿನ ನೆರಳಿನಲ್ಲೇ ಕೂತರು. ಆಮೇಲೆ ಹಿರಿಯ ಗುಮಾಸ್ತರನ್ನು ಕರೆದು ಹೇಳಿದ್ದು: "ಬಿಂದುಮಾಧವರ, ಇದನ್ನ ಕಡೀರಿ ಅಂತ ಬರದಾಂವ ನಾನ. ಇದರ ನೆರಳಾಗ ಕೂತು ಅದನ್ನ ನೆನಸಿದ್ರ ನಾಚಿಕಿ ಬರ್ತದ. ಇದನ್ನ ಬರಕೋಬ್ಯಾಡ್ರಿ." ಕಲಮು 3ರಲ್ಲಿ ಯಾರಿಗೂ ವಿನಾಯಿತಿ ಇಲ್ಲದ್ದರಿಂದ ಬರೆದುಕೊಳ್ಳಲಾಗಿದೆ.

10. ಹೊರಡಿಸಿದ ಆದೇಶವನ್ನು ಹಿಂತೆಗೆದುಕೊಳ್ಳುವ ಪದ್ಧತಿ ಈ ಕಚೇರಿಯಲ್ಲಿ ಇರುವುದಿಲ್ಲ. ಆದ್ದರಿಂದ ಮರ ಕಡಿಯುವ ಆದೇಶ ಜಾರಿಯಲ್ಲಿಯೇ ಇದ್ದು, ಗಂಟೆಯಾದ ಕ್ಷಣವೇ ಕಡಿಯತಕ್ಕದ್ದು. ಅಲ್ಲಿಯವರೆಗೆ ಸಿಬ್ಬಂದಿ ಎದ್ದು ಓಡಾಡಿದರೂ, ಊಟ ಮಾಡಿದರೂ, ಮೈಲಾರಪ್ಪ ಗಿಡಗಳಿಗೆ ನೀರು ಹಾಕುತ್ತಿದ್ದರೂ, ಎಲ್ಲರೂ ಕೂತೇ ಇರುವರೆಂದು ಭಾವಿಸತಕ್ಕದ್ದು.

11. ಸದರಿ ಗಂಟೆಯ ನಾಲಗೆಯನ್ನು ದುರಸ್ತಿಗೆಂದು ಬಿಚ್ಚಿ ಮುಖ್ಯಾಧಿಕಾರಿಗಳ ಕಪಾಟಿನಲ್ಲಿ ಬೀಗ ಹಾಕಿ ಇಡಲಾಗಿದೆ. ಪರಿಶೀಲಿಸಲಾಗಿ ಅದರಲ್ಲಿ ಯಾವ ದೋಷವೂ ಕಂಡುಬಂದಿರುವುದಿಲ್ಲ. ದುರಸ್ತಿ ಮುಂದುವರಿಯುತ್ತದೆ.

(ಸಹಿ) ಯಜ್ಞೇಶ್ವರ
ಮುಖ್ಯಾಧಿಕಾರಿ
ಮೊಕ್ಕಾಂ: ಬೇವಿನ ಮರದ ಕೆಳಗೆ

ಪ್ರತಿಗಳು:
1. ನೋಟೀಸು ಬೋರ್ಡಿಗೆ. ಸೊಳ್ಳೆಗಳಿಗೆ ಪ್ರತ್ಯೇಕ ಪ್ರತಿ ಇಲ್ಲ.
2. ಮಕಬೂಲಸಾಬ, ಬೆಂಗೇರಿ: ಗರಗಸವನ್ನು ಮನೆಗೆ ಒಯ್ಯಲು. ನೆರಳಿಗಾಗಿ ಬರಲು ಅಡ್ಡಿಯಿಲ್ಲ.
3. ಬೇವಿನ ಮರ: ಮೊಳೆ ಹೊಡೆದು ಅಂಟಿಸದೆ, ಬುಡದಲ್ಲಿ ನಿಂತು ಓದಿ ಹೇಳಲು.
4. ಮೈಲಾರಪ್ಪ, ಮಾಲಿ: ಓದಿ ಹೇಳಲಾಗಿದೆ. ಅಲ್ಲಾಡಲಿಲ್ಲ. ಕಣ್ಣು ಒರೆಸಿಕೊಂಡದ್ದನ್ನು ಅಲ್ಲಾಟವೆಂದು ಪರಿಗಣಿಸಿರುವುದಿಲ್ಲ.