ಖಾಲಾ ತಂದ ಕೋಳಿ ಸಾರು

ಹಾಲಿನ ಅಡುಗೆಗೆಂದೇ ಬೇರೆ ಎತ್ತಿಟ್ಟಿದ್ದ ನೀಲಿ ಅಂಚಿನ ತಟ್ಟೆಯನ್ನು ಮನಾಸೆ ಬೂದಿ ಹಾಕಿ ಉಜ್ಜುತ್ತಿದ್ದ. ಅಮ್ಮ ಹೋದ ಮೇಲೆ ಆರು ವರ್ಷ ಆ ತಟ್ಟೆ ಕೆಳಗಿಳಿದಿರಲಿಲ್ಲ.

ಇವತ್ತು ಯೆಹೂದಿಗಳ ವಾರಗಳ ಹಬ್ಬ, ಹಾಲಿನ ಅಡುಗೆಯೇ ಅದರ ವಿಶೇಷ. ಸಂಜೆ ನಾಲ್ಕಕ್ಕೆ ಪ್ರಾರ್ಥನಾಮಂದಿರವಾದ ಸಿನಗಾಗಿನ ಅಂಗಳದಲ್ಲಿ ಇಡೀ ಬೀದಿಗೆ ಹಾಲಿನೂಟ. ಅಲ್ಲಿಗೆ ಅಮ್ಮನ ತಂಗಿ ಅಜೀಜಾ ಖಾಲಾ ಮಾಡಿದ ಕಾಹಿ ಬರುತ್ತದೆ. ಪದರ ಪದರಕ್ಕೂ ಬೆಣ್ಣೆ ಸವರಿದ ರೊಟ್ಟಿ, ಮೇಲೆ ಎಮ್ಮೆಹಾಲಿನ ಗಟ್ಟಿ ಕೆನೆ. ಖಾಲಾ ಮತ್ತು ಅಮ್ಮ ಒಂದೇ ಒಲೆಯ ಮುಂದೆ ಕಲಿತವರು. ಅಮ್ಮನ ಕೈರುಚಿ ಈ ರಂಗೂನಿನಲ್ಲಿ ಉಳಿದಿದ್ದು ಅದೊಂದರಲ್ಲೇ.

ಆದರೆ ಪ್ರತಿ ಹಬ್ಬಕ್ಕೂ ಮನಾಸೆ ಯಾರದೋ ಬಲವಂತಕ್ಕೆ ಮಾಂಸ ತಿಂದುಬಿಡುತ್ತಿದ್ದ. ಅವರ ಧರ್ಮದಲ್ಲಿ ಮಾಂಸ ತಿಂದ ಮೇಲೆ ಆರು ಗಂಟೆ ಹಾಲು ಮುಟ್ಟುವಂತಿಲ್ಲ. ಅಷ್ಟರಲ್ಲಿ ಕಾಹಿ ಖಾಲಿ. ಈಗ ಖಾಲಾ ಮುಂದಿನ ವಾರ ಮಗನ ಜೊತೆ ಸಿಡ್ನಿಗೆ ಹಡಗು ಹತ್ತುವವರು. ಇವತ್ತು ತಪ್ಪಿದರೆ ಇನ್ನಿಲ್ಲ.

ಮೆಟ್ಟಿಲಿಳಿಯುತ್ತಿದ್ದಂತೆ ಕೆಳಮನೆಯ ಸಾಲೇಹ್ ಅಡ್ಡ ನಿಂತ. "ಬಾರೋ ಒಂಟಿಗೂಬೆ! ಕುರಿಮಾಂಸ ತುಂಬಿ ಕರಿದ ಸಂಬೂಸಕ್ ಬಿಸಿಬಿಸಿ ಇದೆ. ಎರಡೇ ಎರಡು."

ನಲವತ್ತು ವರ್ಷದ ಗಂಡಸು, ಅಮ್ಮನ ರುಚಿಗಾಗಿ ಕಾಯುತ್ತಿದ್ದೇನೆ ಎಂದರೆ ಬೀದಿ ಒಂದು ತಿಂಗಳು ನಗುತ್ತದೆ. "ಹೊಟ್ಟೆ ಸರಿಯಿಲ್ಲ ಕಣೋ" ಎಂದ.

ಸಾಲೇಹನ ಬಾಯಿ ತೂತು ಬಿದ್ದ ಕೊಡ. ಅರ್ಧ ಗಂಟೆಯಲ್ಲಿ ಮನಾಸೆಯ ಹೊಟ್ಟೆನೋವು ಬೀದಿಯ ಆ ತುದಿ ತಲುಪಿ, ವಾಂತಿಯಾಗಿ, ಜ್ವರವಾಗಿ ವಾಪಸ್ಸು ಬಂತು. ಒಬ್ಬಳು ಶುಂಠಿ ಕಷಾಯ ಕುಡಿಸಿದಳು. ಇನ್ನೊಬ್ಬಳು ಹೊಟ್ಟೆಗೆ ಹರಳೆಣ್ಣೆ ತಿಕ್ಕಲು ಗಂಡನನ್ನು ಅಟ್ಟಿದಳು. ಸಿನಗಾಗಿನ ಹಿರಿಯ ಹಸ್ಕೇಲ್ ಸಾಹೇಬರು ಬಂದು ನಾಲಿಗೆ ನೋಡಿ, "ಹಸಿದ ನಾಲಿಗೆ ಇದ್ದ ಹಾಗಿದೆಯಲ್ಲ?" ಎಂದು ಗೊಣಗಿಕೊಂಡು ಹೋದರು.

ಎರಡು ಗಂಟೆಗೆ ಮೆಟ್ಟಿಲಲ್ಲಿ ಏದುಸಿರು. ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಅಜೀಜಾ ಖಾಲಾನೇ ಬಂದಿದ್ದರು.

"ನಮ್ಮಕ್ಕಾ ರಾಹೇಲ್ ಇದ್ದಿದ್ರೆ ಹೀಗೆ ಒಬ್ಬನೇ ಮಲಗಿರೋಕೆ ಬಿಡ್ತಿದ್ಲಾ? ನನ್ನೊಲೆ ಇವತ್ತು ಹಾಲಿನದು, ಅದಕ್ಕೇ ನೆರೆಮನೆ ಒಲೆ ಮೇಲೆ ಕೋಳಿ ಸಾರು ಮಾಡ್ಕೊಂಡು ತಂದಿದೀನಿ. ಪೂರ್ತಿ ಕುಡೀಬೇಕು. ಬಟ್ಟಲು ತಗೊಂಡ್ಹೋಗೋಕೆ ಆಮೇಲೆ ಬರ್ತೀನಿ."

ಖಾಲಾ ಹೋದದ್ದೇ ತಡ, ಮನಾಸೆ ಹಿತ್ತಲ ಮೆಟ್ಟಿಲಿಗೆ ಓಡಿ ಸಾರನ್ನು ಬೆಕ್ಕಿಗೆ ಸುರಿದ. ಬೆಕ್ಕು ಹಬ್ಬ ಮಾಡಿತು. ಖಾಲಾ ಬಂದಾಗ ಬಟ್ಟಲು ಥಳಥಳ ಹೊಳೆಯುತ್ತಿತ್ತು.

"ಒಂದು ಹನಿ ಬಿಡಲಿಲ್ಲ ಖಾಲಾ! ಬಟ್ಟಲು ನೆಕ್ಕಿಬಿಟ್ಟೆ."

ಖಾಲಾ ಕಣ್ಣೊರೆಸಿಕೊಂಡರು.

ನಾಲ್ಕಕ್ಕೆ ಮನಾಸೆ ಇಸ್ತ್ರಿ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಕಾಹಿಯ ತಾಟು ಬಂತು. ಬೆಣ್ಣೆಯ ಘಮ ಬಂದದ್ದೇ ಅವನು ನೀಲಿ ಅಂಚಿನ ತಟ್ಟೆಯನ್ನು ಮುಂದಿಟ್ಟ. ಕೈ ಚಾಚಿದ.

"ಅಯ್ಯೋ, ತಡೀರಿ ತಡೀರಿ!" ಖಾಲಾ ಕೂಗಿದರು. "ಅವನಿಗೆ ಕೊಡಬೇಡಿ! ಎರಡು ಗಂಟೆಗೆ ಕೋಳಿ ಸಾರು ಕುಡಿದಿದಾನೆ!"

ಹಸ್ಕೇಲ್ ಸಾಹೇಬರು ಬೆರಳು ಎಣಿಸಿದರು. "ಎಂಟರವರೆಗೆ ಹಾಲು ಮುಟ್ಟೋ ಹಾಗಿಲ್ಲ. ಎಂಥಾ ಪಾಪ ತಪ್ಪಿಸಿದಿರಿ, ತಾಯಿ!"

"ನನ್ನ ಸಂಬೂಸಕ್ ಬೇಡ, ಖಾಲಾ ಸಾರು ಬೇಕು. ಕಳ್ಳ!" ಎಂದ ಸಾಲೇಹ್.

'ಕುಡಿದದ್ದು ಬೆಕ್ಕು' ಎನ್ನಲು ಮನಾಸೆ ಬಾಯಿ ತೆರೆದ. ಅಷ್ಟರಲ್ಲಿ ಖಾಲಾ ಪಕ್ಕದವರ ಭುಜ ಅಲುಗಿಸಿ ಹೇಳುತ್ತಿದ್ದರು: "ಬಟ್ಟಲು ನೆಕ್ಕಿದನಂತೆ ಕಣ್ರೀ! ನಾನು ಯಾವ ದೇಶಕ್ಕೆ ಹೋದ್ರೂ ಈ ಮಾತು ನನ್ನ ಜೊತೆ ಬರತ್ತೆ. ರಾಹೇಲಳ ಮಗ, ನನ್ನ ಕೈ ಸಾರು..." ಆ ಮುಖದಲ್ಲಿ ದೀಪ ಹಚ್ಚಿದಂತಿತ್ತು.

ಮನಾಸೆ ಬಾಯಿ ಮುಚ್ಚಿದ. ಅವನ ಮುಂದೆ ಯಾರೋ ಎರಡು ಹೋಳು ಸೌತೆಕಾಯಿ ಇಟ್ಟರು.

ತಾಟು ಅವನನ್ನು ದಾಟಿ ಸಾಲೇಹನ ಬಳಿ ಹೋಯಿತು. ಅಲ್ಲಿಂದ ಮುಂದೆ, ಮತ್ತೂ ಮುಂದೆ. ಎಲ್ಲರ ಬಾಯಲ್ಲೂ ಕಾಹಿ, ತುಟಿಯ ಮೇಲೆ ಕೆನೆ. ಕೊನೆಯ ಎರಡು ತುಂಡು ಉಳಿದಿದ್ದವು.

"ಎಂಟು ಗಂಟೆಗೆ ತಿಂತೀನಿ," ಎಂದ ಮನಾಸೆ, "ನನಗೊಂದು ತುಂಡು ಎತ್ತಿಡಿ."